ಮರಣದ ಮನೆಯಲ್ಲಿ ಒಲವಿನ ಪದ

ರಾಯಬಾಗ ತಾಲೂಕಿನ ಪಾಲಬಾವಿ, ನೆರೆಯ ಮುಗಳಖೋಡ, ಅತ್ತ ಅಥಣಿ-ಚಿಕ್ಕೋಡಿಗಳವರೆಗೆ ಹಬ್ಬಿದ ಸೀಮೆಯಲ್ಲಿ ಯಾರಾದರೂ ತೀರಿಕೊಂಡರೆಂದರೆ, ದೂರದ ಬಂಧುಗಳು ಬಂದು ಕೂಡುವುದಕ್ಕೆ ಮೊದಲೇ ಊರಿನ ಭಜನೆಯವರು ಏಕತಾರಿ, ದಮ್ಮಡಿ, ತಾಳ, ಪೇಟಿಗಳೊಡನೆ ಆ ಮನೆಗೆ ಬಂದು, ಶವದ ಸಮ್ಮುಖದಲ್ಲಿಯೇ ಕುಳಿತು ತತ್ವಪದಗಳನ್ನು ಹಾಡತೊಡಗುವರು. ಆ ಪದಗಳಲ್ಲಿ ಎಷ್ಟೋ ಕಡೆ ದೇಹವು ತವರುಮನೆ. ಜೀವವು ಅಲ್ಲಿ ಕೆಲಕಾಲ ಆಡಿ ಬೆಳೆದ ಮಗಳು. ಕರೆಯಬಂದಿರುವವನು ಗಂಡನ ಮನೆಯವನು.

ಇವು ಬರಿಯ ವೈರಾಗ್ಯಬೋಧೆಯ ಪದಗಳೆಂಬ ಮತ ನನಗೆ ಸಮ್ಮತವಲ್ಲ. ಮುಂದೆ ಹಾಡುವವನು ಒಂದೊಂದು ನುಡಿಯನ್ನು ಮುಗಿಸಿದಂತೆಲ್ಲ ಹಿಮ್ಮೇಳದವರು ಪಲ್ಲವಿಯನ್ನು ಮರಳಿ ಮರಳಿ ಎತ್ತಿಕೊಳ್ಳುವರಷ್ಟೆ. ಶೋಕದಿಂದ ಕಂಠ ಬಿಗಿದು, ತನ್ನದೆಂದು ಒಂದು ಮಾತನ್ನೂ ಆಡಲಾರದ ಹೆಂಡತಿಯೂ ಮಗನೂ ಆ ಪಲ್ಲವಿಯಲ್ಲಿ ದನಿಗೂಡಿಸಬಲ್ಲರು. ಮಗಳನ್ನು ಕಳುಹಿಸಿಕೊಟ್ಟು ಅಗಸೆಯಲ್ಲಿ ನಿಂತು ಅತ್ತ ಅನುಭವ ಯಾವ ಮನೆಗೆ ಇಲ್ಲ? ಆ ಪರಿಚಿತ ದುಃಖವನ್ನೇ ಪದಕಾರರು ಅಪರಿಚಿತವಾದ ಮೃತ್ಯುವಿಗೆ ಅನ್ವಯಿಸಿದರು.

12ನೆಯ ಶತಮಾನದ ಶರಣರ ಶರಣಸತಿ-ಲಿಂಗಪತಿ ಭಾವದಲ್ಲಿ ಈ ಕಲ್ಪನೆಯ ಬೇರುಂಟು. ಮರ್ತ್ಯರಾದ ಗಂಡಂದಿರನ್ನು ನಿರಾಕರಿಸಿ ಚೆನ್ನಮಲ್ಲಿಕಾರ್ಜುನನನ್ನು ವರಿಸಿದ ಅಕ್ಕಮಹಾದೇವಿಯಲ್ಲಿ ಪ್ರೇಮ, ಮರಣ, ಮುಕ್ತಿಗಳನ್ನು ಬಿಡಿಸಿ ನೋಡುವುದೇ ದುಸ್ಸಾಧ್ಯ. ಮುಂದೆ ಗೋವಿಂದಭಟ್ಟರ ಶಿಷ್ಯನಾದ ಶಿಶುನಾಳ ಶರೀಫನು (1819-1889) ಆಡುಮಾತಿನಲ್ಲಿ ಅನುಭಾವವನ್ನು ಹಾಡಿ, ಅದನ್ನು ಅಕ್ಷರ ಬಾರದವರ ಸೊತ್ತನ್ನಾಗಿಯೂ ಮಾಡಿದನು.

ಕೃಷ್ಣಾನದಿಯ ಆಚೆ, ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಪ್ರಕಟಿಸಿದರು. ಅವರಲ್ಲೊಬ್ಬರಾದ, ಶ್ರೀ ಅರವಿಂದರ ಅನುಯಾಯಿಗಳಾದ ಮಧುರಚೆನ್ನರು (1903-1953), ‘ನನ್ನ ನಲ್ಲ’ ಕಾವ್ಯದಲ್ಲಿ ಭಗವಂತನನ್ನು ನಲ್ಲನೆಂದೇ ಕರೆದರು. ಜನಪದದ ಸರಳತೆಯನ್ನು ಕಳೆದುಕೊಳ್ಳದೆ ಆಧುನಿಕ ಸಾಧಕನ ತಳಮಳವನ್ನು ನುಡಿದ ಆ ಕೃತಿಯನ್ನು ನಾನು ಬಹುವಾಗಿ ಆದರಿಸುತ್ತೇನೆ. ಆದರೂ ಅಚ್ಚಿನ ಪುಟದಲ್ಲಿ ಹಿಮ್ಮೇಳವಿಲ್ಲ. ಅದನ್ನು ಓದುವವನು ಪಲ್ಲವಿಯನ್ನೂ ತಾನೊಬ್ಬನೇ ಹೇಳಿಕೊಳ್ಳಬೇಕು.