ಗಾಂಜಾದ ಹೊಗೆಯೂ ಎಳೆಯರ ಮಿದುಳೂ

ಗಾಂಜಾದ ವಿಷಯದಲ್ಲಿ ನಮ್ಮ ಜನರಲ್ಲಿ ಎರಡು ಅಭಿಪ್ರಾಯಗಳು ರೂಢಿಯಲ್ಲಿರುವುವು. ಅದು ಸಾಧುಗಳು ಸೇದುವ ಸೊಪ್ಪು, ಅದರಿಂದ ಕೇಡೇನೂ ಇಲ್ಲವೆಂಬುದು ಒಂದು. ಒಮ್ಮೆ ಸೇದಿದವನಿಗೆ ಹುಚ್ಚು ತಪ್ಪದೆಂಬುದು ಇನ್ನೊಂದು. ಇವೆರಡೂ ಸತ್ಯಕ್ಕೆ ದೂರವಾದುವು. ಮೊದಲನೆಯದರಿಂದ ಹುಡುಗರು ಎಚ್ಚರ ತಪ್ಪುವರು. ಎರಡನೆಯದರಿಂದ ತಾಯ್ತಂದೆಗಳು ನಿರಾಶರಾಗಿ, ಮಗನ ಸ್ಥಿತಿಯನ್ನು ನೆರೆಹೊರೆಗೂ ವೈದ್ಯರಿಗೂ ತಿಳಿಯದಂತೆ ಮುಚ್ಚಿಡುವರು. ಆದುದರಿಂದ ಗೃಹಸ್ಥರಾದವರು ಇದರ ನಿಜವನ್ನು ಅರಿತಿರುವುದು ಅವಶ್ಯಕವು.

ನಮ್ಮ ಪ್ರಾಚೀನರು ಈ ಗಿಡವನ್ನು ನಿರಪಾಯವೆಂದು ಎಣಿಸಿರಲಿಲ್ಲ. ಸಂಸ್ಕೃತದಲ್ಲಿ ಇದಕ್ಕೆ ವಿಜಯಾ, ಭಂಗಾ ಎಂಬ ಹೆಸರುಗಳಂತೆಯೇ ಮದವನ್ನುಂಟುಮಾಡುವ ಮಾದಿನೀ ಎಂಬ ಹೆಸರೂ ಉಂಟು. ಇದು ಜಠರಾಗ್ನಿಯನ್ನು ಹೆಚ್ಚಿಸುವುದೆಂದು ಹೇಳಿದ ಭಾವಪ್ರಕಾಶವೇ ಮೋಹವನ್ನೂ ಹೆಚ್ಚಿಸುವುದೆಂದು ಹೇಳಿರುವುದು. ಶಾರ್ಙ್ಗಧರಸಂಹಿತೆಯು ಇದನ್ನು ‘ವ್ಯವಾಯಿ’ ದ್ರವ್ಯಕ್ಕೆ, ಎಂದರೆ ಜೀರ್ಣವಾಗುವುದಕ್ಕೆ ಮೊದಲೇ ಮೈಯೆಲ್ಲ ವ್ಯಾಪಿಸುವ ವಸ್ತುವಿಗೆ, ಉದಾಹರಣೆಯಾಗಿ ಕೊಟ್ಟಿದೆ.

ಇನ್ನು ಆಧುನಿಕ ಶಾಸ್ತ್ರದ ಮಾತು. 1964ರಲ್ಲಿ ಇಸ್ರೇಲಿನ ರಾಫೆಲ್ ಮೆಶೂಲಂ ಮತ್ತು ಯೆಹಿಯೆಲ್ ಗಾವೊನಿ ಎಂಬ ವಿದ್ವಾಂಸರು, ಮತ್ತೇರಿಸುವ ಟಿ.ಎಚ್.ಸಿ. ಎಂಬ ಅಂಶವನ್ನು ಈ ಗಿಡದಿಂದ ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದರು. 1992ರಲ್ಲಿ ಮೆಶೂಲಂ ಅವರ ತಂಡವು ಅದರಂತೆಯೇ ಕೆಲಸಮಾಡುವ ಒಂದು ವಸ್ತುವನ್ನು ಮಿದುಳು ತಾನೇ ಉತ್ಪಾದಿಸುವುದೆಂದು ಕಂಡುಹಿಡಿದು, ನಮ್ಮ ‘ಆನಂದ’ ಶಬ್ದದಿಂದ ಅದಕ್ಕೆ ‘ಆನಂದಮೈಡ್’ ಎಂದು ಹೆಸರಿಟ್ಟಿತು. ನೆನಪು, ಭಯ, ಹಸಿವೆ ಮುಂತಾದುವುಗಳನ್ನು ಹದದಲ್ಲಿಡುವುದಕ್ಕೆ ಮಿದುಳು ಇದನ್ನು ಬೇಕಾದಾಗ, ಬೇಕಾದಷ್ಟೇ ಉಂಟುಮಾಡಿ, ಕೆಲಸ ತೀರಿದೊಡನೆ ಕರಗಿಸಿಬಿಡುವುದು. ಗಾಂಜಾದ ಅಂಶವಾದರೋ ಕಾಲುವೆ ಒಡೆದ ನೀರು ಗದ್ದೆಗೆ ನುಗ್ಗುವಂತೆ ಬೇಕಾದಲ್ಲಿಗೂ ಬೇಡವಾದಲ್ಲಿಗೂ ನುಗ್ಗಿ, ಬಹಳ ಹೊತ್ತು ನಿಲ್ಲುವುದು. ಆಗ ಈಗ ಕೇಳಿದ್ದು ಈಗಲೇ ಮರೆಯುವುದು. ಕಾಲದ ಅರಿವು ತಪ್ಪುವುದು. ಕೆಲವರಿಗೆ ಅಕಾರಣವಾದ ಭಯವೂ ಸಂಶಯವೂ ಹುಟ್ಟುವುದು.

ಬೆಳೆದವರಿಗಿಂತ ಬೆಳೆಯುವವರಿಗೆ ಈ ಅಪಾಯವು ಹೆಚ್ಚು. ಏಕೆಂದರೆ ಮಿದುಳಿನ ಬೆಳವಣಿಗೆಯು, ವಿಶೇಷವಾಗಿ ವಿವೇಕಕ್ಕೂ ಮುಂದಾಲೋಚನೆಗೂ ಆಶ್ರಯವಾದ ಮುಂಭಾಗದ ಬೆಳವಣಿಗೆಯು, ಸುಮಾರು 25ನೆಯ ವಯಸ್ಸಿನವರೆಗೂ ನಡೆಯುತ್ತಿರುವುದು. ಸ್ವೀಡನ್ ದೇಶದಲ್ಲಿ ಸೈನ್ಯಕ್ಕೆ ಕರೆಯಲ್ಪಟ್ಟ 45,000ಕ್ಕೂ ಹೆಚ್ಚು ತರುಣರನ್ನು 15 ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು 1987ರಲ್ಲಿ ಪ್ರಕಟವಾಯಿತು. 50ಕ್ಕಿಂತ ಹೆಚ್ಚು ಸಲ ಇದನ್ನು ಸೇವಿಸಿದ್ದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ಚಿತ್ತವಿಕಲತೆಯು, ಸೇವಿಸದವರಲ್ಲಿ ಇದ್ದುದಕ್ಕಿಂತ ಸುಮಾರು ಆರು ಪಟ್ಟು ಕಂಡುಬಂದಿತು. ಬೇರೆ ಕಾರಣಗಳನ್ನೂ ಲೆಕ್ಕಕ್ಕೆ ಹಿಡಿದಾಗ ಈ ಪ್ರಮಾಣವು ಇಳಿಯಿತೇ ಹೊರತು ಸಂಬಂಧವು ಅಳಿಯಲಿಲ್ಲ. ಸೇದಿದವರೆಲ್ಲರಿಗೂ ಈ ರೋಗವು ಬರುವುದಿಲ್ಲವೆಂಬುದು ನಿಜ. ಆದರೆ ವಂಶದಲ್ಲಿ ಮನೋರೋಗವಿದ್ದವರಿಗೂ, ಎಳೆಯ ವಯಸ್ಸಿನಲ್ಲಿ ಆರಂಭಿಸಿದವರಿಗೂ, ದಿನಂಪ್ರತಿ ಸೇದುವವರಿಗೂ ಗಂಡಾಂತರವು ಅಧಿಕವು.

ಓದಿನಲ್ಲಿ ಮುಂದಿದ್ದ ಹುಡುಗನು ಏಕಾಏಕಿ ಹಿಂದೆ ಬೀಳುವುದು, ಸ್ನಾನ ಊಟಗಳಲ್ಲಿ ಅನಾದರ, ರಾತ್ರಿ ನಿದ್ರೆಯಿಲ್ಲದಿರುವುದು, ಮನೆಯವರೇ ತನಗೆ ಕೇಡು ಬಗೆಯುತ್ತಿರುವರೆಂಬ ಶಂಕೆ, ಯಾರೂ ಇಲ್ಲದಾಗ ಮಾತು ಕೇಳಿಸುವುದು—ಇವು ಕಂಡಲ್ಲಿ ಉಪೇಕ್ಷಿಸಲಾಗದು. ಇವುಗಳಿಗೆ ಬೇರೆ ಕಾರಣವೂ ಇರಬಹುದು. ಅದನ್ನು ನಿರ್ಣಯಿಸಬೇಕಾದವರು ವೈದ್ಯರು. ಹೊಡೆಯುವುದು, ಕೋಣೆಯಲ್ಲಿ ಕೂಡುವುದು, ‘ಗಾಳಿ ಸೋಂಕಿದೆ’ಯೆಂದು ತಾಯಿತ ಕಟ್ಟಿಸಿ ತಿಂಗಳುಗಳನ್ನು ಕಳೆಯುವುದು, ಮದುವೆಯಾದರೆ ಸರಿಹೋದೀತೆಂದು ಪರರ ಮಗಳನ್ನು ಮನೆಗೆ ತರುವುದು, ಇವು ಯಾವುವೂ ಚಿಕಿತ್ಸೆಗಳಲ್ಲ. ತಡವಾದಷ್ಟೂ ಗುಣವು ದೂರವಾಗುವುದು.

ಈ ವಿಷಯದಲ್ಲಿ ಬಳ್ಳಾರಿ ಜಿಲ್ಲೆಯವರು ಅಭಿಮಾನಪಡತಕ್ಕ ಸಂಗತಿಯೊಂದುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಿಂದ 1990ರವರೆಗೆ ಈ ಜಿಲ್ಲೆಯಲ್ಲಿಯೇ ಒಂದು ಪ್ರಯೋಗವನ್ನು ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಶಿಕ್ಷಣವಿತ್ತು, ಮನೋರೋಗಿಗಳಿಗೆ ಅವರ ಊರಿನ ಸಮೀಪದಲ್ಲಿಯೇ ಔಷಧವು ದೊರೆಯುವಂತೆ ಮಾಡಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ‘ಬಳ್ಳಾರಿ ಮಾದರಿ’ಯೇ ಆಧಾರವಾಯಿತು. ದೇಶಕ್ಕೆ ದಾರಿ ತೋರಿದ ಜಿಲ್ಲೆಯ ಜನರೇ ನಾಚಿಕೆಯಿಂದ ಬಾಗಿಲು ಮುಚ್ಚಿಕೊಂಡು ಕುಳಿತರೆ ಅದು ಶೋಚನೀಯವಲ್ಲವೆ? ಸಿರುಗುಪ್ಪ, ಕುರುಗೋಡುಗಳವರು ಮೊದಲು ತಮ್ಮ ಊರಿನ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ತೋರಿಸಲಿ. ಅವರು ಹೇಳಿದಲ್ಲಿ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಲಿ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಿ ಕರೆಮಾಡಿದರೂ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಸಲಹೆ ಸಿಕ್ಕುವುದು.

ಪೊಲೀಸರ ಭಯದಿಂದ ಹಿಂಜರಿಯುವವರೂ ಉಂಟು. 1985ರ ಮಾದಕ ದ್ರವ್ಯಗಳ ಕಾಯಿದೆಯು ಗಾಂಜಾವನ್ನು ನಿಷೇಧಿಸಿರುವುದು ದಿಟ. ಆದರೆ ಸ್ವತಃ ಸೇವಿಸಿದ ಅಥವಾ ಅಲ್ಪ ಪ್ರಮಾಣವನ್ನು ಇಟ್ಟುಕೊಂಡ ಆರೋಪಕ್ಕೆ ಗುರಿಯಾದ ವ್ಯಸನಿಯು, ಸ್ವಇಚ್ಛೆಯಿಂದ ಸರ್ಕಾರದ ಮಾನ್ಯತೆಯುಳ್ಳ ಸಂಸ್ಥೆಯಲ್ಲಿ ಚಿಕಿತ್ಸೆಯನ್ನು ಪೂರ್ಣವಾಗಿ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ ಹೊಂದಲು ಅದೇ ಕಾಯಿದೆಯ 64-ಎ ಕಲಮಿನಲ್ಲಿ ಅವಕಾಶವಿರುವುದು.

ಬೆಳೆದ ಮಗನಿಗೆ ಆಜ್ಞೆಗಿಂತ ತಂದೆಯ ಸಲಿಗೆಯ ಮಾತು ಹೆಚ್ಚು ನಾಟುವುದು. ಮೇಲೆ ಹೇಳಿದ ಸಂಗತಿಗಳನ್ನು ಬೆದರಿಕೆಯಿಲ್ಲದೆ, ಉತ್ಪ್ರೇಕ್ಷೆಯಿಲ್ಲದೆ ಮಕ್ಕಳ ಮುಂದಿಡಿರಿ. ತಪ್ಪಿ ನಡೆದವನಿಗೂ ಮನೆಯಲ್ಲಿ ನಿಜ ಹೇಳುವ ಧೈರ್ಯವಿರಲಿ. ಆ ಧೈರ್ಯವಿದ್ದಲ್ಲಿ ವೈದ್ಯರ ಬಾಗಿಲು ದೂರವಲ್ಲ.