ಗುಂಡಿ ಬೇಡದ ಕಾಡು

ಏಪ್ರಿಲ್‌ನಲ್ಲಿ ಚಿತ್ರದುರ್ಗದ ಜೋಗಿಮಟ್ಟಿ ಹತ್ತಿದವರಿಗೆ ‘ಇದೆಂಥ ಕಾಡು?’ ಅನ್ನಿಸಿದರೆ ತಪ್ಪಲ್ಲ. ಎಲೆ ಉದುರಿಸಿ ನಿಂತ ದಿಂಡಿಗ, ಒಣಗಿದ ಬಾದೆ ಹುಲ್ಲು, ಕಾದ ಬಂಡೆ. ಎರಡು ಹದಮಳೆ ಬಿದ್ದರೆ ಸಾಕು, ಅದೇ ಗುಡ್ಡ ಮೋಡ ಹೊದ್ದು ಕೂರುತ್ತದೆ. ಚಿರತೆ, ಕರಡಿಗಳಿರುವ ಈ ವನ್ಯಧಾಮ ಸುಮಾರು 100 ಚದರ ಕಿ.ಮೀ. ಹರಡಿದೆ.

ಕಾಡು ಬೆಳೆಸುವುದೆಂದರೆ ನಮಗೆ ಜೂನ್ 5, ಗುಂಡಿ, ಸಸಿ, ಫೋಟೊ. ಇಲ್ಲಿನ ದಿಂಡಿಗ, ತುಗ್ಗಲಿಗೆ ಈ ಉಪಚಾರ ಅಷ್ಟಾಗಿ ಬೇಕಿಲ್ಲ. ಕಡಿದರೂ ಬೇರು ಸಾಯುವುದಿಲ್ಲ. ಬೊಡ್ಡೆಯಿಂದಲೇ ನಾಲ್ಕಾರು ಚಿಗುರು ಏಳುತ್ತವೆ. ಕೆಲವು ವರ್ಷ ಕೊಡಲಿ, ಮೇಕೆ, ಬೆಂಕಿ ಸುಳಿಯದಂತೆ ನೋಡಿಕೊಂಡರೆ ಉಳಿದದ್ದನ್ನು ಅವೇ ಮಾಡಿಕೊಳ್ಳುತ್ತವೆ. ಹಸಿರು ಮಾಡುವ ಅವಸರದಲ್ಲಿ ಬಯಲುಸೀಮೆಗೆ ನೀಲಗಿರಿ ತಂದು ನೆಟ್ಟೆವು, 2017ರಲ್ಲಿ ಸರ್ಕಾರವೇ ಅದನ್ನು ನೆಡಬಾರದೆಂದಿತು.

ಹಿರಿಯೂರಿನ ಗಡಿ ದಾಟಿ ಶಿರಾ ಕಡೆಗೆ ಹೋದರೆ ಬುಕ್ಕಾಪಟ್ಟಣ. 2019ರಲ್ಲಿ ಅಲ್ಲಿ ವನ್ಯಧಾಮವಾದದ್ದು ಚಿಂಕಾರಕ್ಕಾಗಿ. ಆ ಪುಟ್ಟ ಹುಲ್ಲೆಗೆ ಬೇಕಾದದ್ದು ಕುರುಚಲು, ಹುಲ್ಲು, ಕಣ್ಣು ಹಾಯುವಷ್ಟು ಬಯಲು. ಅಲ್ಲಿ ಒತ್ತಾಗಿ ಮರ ನೆಟ್ಟರೆ ಅದರ ಮನೆಯನ್ನೇ ಕೆಡಿಸಿದಂತೆ.

ಹೊಳಲ್ಕೆರೆ, ಹೊಸದುರ್ಗದ ಅದಿರು ಗುಡ್ಡಗಳ ಮಾತು ಬೇರೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಷೇಧವನ್ನು ಚಿತ್ರದುರ್ಗ ಜಿಲ್ಲೆಗೂ ವಿಸ್ತರಿಸಿತು. ಮತ್ತೆ ಗಣಿ ತೆರೆಯಬೇಕಾದರೆ ಭೂಮಿಯನ್ನು ಸರಿಪಡಿಸುವ ಯೋಜನೆ ಇರಲೇಬೇಕೆಂಬ ಷರತ್ತೂ ಬಂತು. ಮೇಲ್ಮಣ್ಣೇ ಹೋದಲ್ಲಿ ಬೊಡ್ಡೆ ಎಲ್ಲಿಂದ ಬರಬೇಕು? ಅಲ್ಲಿ ಮೊದಲು ತಡೆಗೋಡೆ, ಆಮೇಲೆ ಹುಲ್ಲು, ಕೊನೆಗೆ ಗುಂಡಿ, ಸಸಿ. ಗುಡ್ಡದ ನೆತ್ತಿಯ ಗಾಳಿಯಂತ್ರಗಳದು ಇನ್ನೊಂದು ಪೇಚು: ಹೊಗೆಯಿಲ್ಲದ ಕರೆಂಟು ನಿಜ, ಅದಕ್ಕಾಗಿ ಕೊರೆದ ರಸ್ತೆಯೂ ನಿಜ.

ಮಳೆಯ ಲೆಕ್ಕವೂ ತಪ್ಪುತ್ತಿದೆ. 1933ರ ಬಳಿಕ ಮಾರಿಕಣಿವೆ ಜಲಾಶಯ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಕ್ಕೆ. ನೋಡಲು ಜಾತ್ರೆಯೇ ನೆರೆಯಿತು. ವೇದಾವತಿ ಬಾಬಾಬುಡನ್‌ಗಿರಿ ಸೀಮೆಯಿಂದ ನೀರು ತಂದಳು, ಭದ್ರೆಯ ನೀರೂ ಕೂಡಿತು. ಆದರೆ ಜಲಾಶಯದ ಸುತ್ತಲಿನ ಗುಡ್ಡ ಬೋಳಾದರೆ ಬಿರುಮಳೆಗೆ ಕೊಚ್ಚಿ ಒಳಗಿಳಿಯುವ ಹೂಳು ನಮ್ಮದೇ.

ಇಷ್ಟಕ್ಕೂ ಬೇಸಿಗೆಗೆ ಮುಂಚೆ ಬೆಂಕಿರೇಖೆ ಸವರುವವನು, ಹಸಿ ಸೊಪ್ಪು ಹಿಡಿದು ಕಿಚ್ಚು ಬಡಿಯುವವನು ಅರಣ್ಯ ಇಲಾಖೆಯ ವಾಚರ್. ನೆಟ್ಟ ಸಸಿಗಳ ಲೆಕ್ಕ ರಿಜಿಸ್ಟರಿನಲ್ಲಿ ಸಿಗುತ್ತದೆ. ಅವನ ಕಾವಲಿನಿಂದ ಸುಡದೆ ಉಳಿದ ಬೊಡ್ಡೆಗಳಿಗೆ ಅದರಲ್ಲಿ ಕಾಲಂ ಇಲ್ಲ.