ದೂರಚಿತ್ರದ ಮಸೂರವನ್ನು ಕೈಗೆತ್ತಿಕೊಂಡಾಗ

ವೃತ್ತಿನಿರತ ಛಾಯಾಚಿತ್ರಗಾರರ ದೊಡ್ಡ ಜೂಮ್ ಮಸೂರವನ್ನು ಮೊದಲ ಬಾರಿಗೆ ಎತ್ತಿಕೊಂಡವರಿಗೆ ಒಡನೆಯೇ ಅನುಭವಕ್ಕೆ ಬರುವುದು ಅದರ ಭಾರ. ನಾವು ಪರೀಕ್ಷಿಸಿ ನೋಡಿದುದು ಕ್ಯಾನನ್ ಸಂಸ್ಥೆಯು 2010ರಲ್ಲಿ ಹೊರತಂದ 70–200 ಮಿಲಿಮೀಟರ್, ಎಫ್ 2.8 ಮಸೂರ. ಅದರ ತೂಕ 1,490 ಗ್ರಾಂ. ಕ್ಯಾಮರಾಕ್ಕೆ ಜೋಡಿಸಿದ ಮೇಲಂತೂ ಎಡ ಅಂಗೈಯನ್ನು ಕೆಳಗೆ ಆಸರೆಯಾಗಿ ಕೊಡದೆ ಗತ್ಯಂತರವಿಲ್ಲ. ಒಳಗೆ 23 ಬಿಲ್ಲೆಗಳಿವೆ. ಅವುಗಳಲ್ಲಿ ಒಂದು ಗಾಜಲ್ಲ. ಬಣ್ಣಗಳನ್ನು ಅತಿ ಕಡಿಮೆ ಚದುರಿಸುವ ಫ್ಲೋರೈಟ್ ಹರಳು.

ಇಷ್ಟು ಭಾರವೇಕೆ? ಉತ್ತರವು ಒಂದು ಸುಲಭವಾದ ಭಾಗಾಕಾರದಲ್ಲಿದೆ. ‘ಎಫ್ 2.8’ ಎಂದರೆ ನಾಭಿದೂರವನ್ನು 2.8ರಿಂದ ಭಾಗಿಸಿದರೆ ಬರುವ ವ್ಯಾಸದ ಬಾಗಿಲಿನ ಮೂಲಕ ಬೆಳಕು ಒಳಹೊಗುತ್ತದೆ ಎಂದರ್ಥ. 200ನ್ನು 2.8ರಿಂದ ಭಾಗಿಸಿದರೆ ಸುಮಾರು 71 ಮಿಲಿಮೀಟರ್. ಅಷ್ಟಗಲದ ಬೆಳಕನ್ನು ಬರಮಾಡಿಕೊಳ್ಳಬೇಕಾದರೆ ಮುಂದಿನ ಬಿಲ್ಲೆಗಳು ಅದಕ್ಕಿಂತಲೂ ಅಗಲವಾಗಿರಲೇಬೇಕು.

ಆದರೆ 70 ಮಿಲಿಮೀಟರಿಗೆ ತಿರುಗಿಸಿದಾಗ ಈ ಬಾಗಿಲು 25 ಮಿಲಿಮೀಟರಿಗೆ ಇಳಿಯುತ್ತದೆ! ಇದನ್ನು ಕಣ್ಣಾರೆ ಕಾಣಬಹುದು. ಮಸೂರವನ್ನು ಕ್ಯಾಮರಾದಿಂದ ಬಿಡಿಸಿ, ಅದರ ಹಿಂಬದಿಯನ್ನು ಬೆಳಕಿನ ಕಿಟಕಿಯತ್ತ ಹಿಡಿದು, ಒಂದು ಮಾರು ದೂರದಿಂದ ಮುಂಬದಿಯನ್ನು ನೋಡುತ್ತ ಜೂಮ್ ಬಳೆಯನ್ನು ಇನ್ನೊಬ್ಬರಿಂದ ತಿರುಗಿಸಿ. ಬೆಳಕಿನ ಬಿಲ್ಲೆಯು ಬೆಕ್ಕಿನ ಕಣ್ಣಿನ ಪಾಪೆಯಂತೆ ಹಿಗ್ಗುವುದು, ಕುಗ್ಗುವುದು. ವಾಸ್ತವದಲ್ಲಿ ಒಳಗಿನ ರಂಧ್ರ ಕದಲಿಯೇ ಇಲ್ಲ. ಅದರ ಮುಂದಿರುವ ಬಿಲ್ಲೆಗಳು ಸರಿದು, ರಂಧ್ರದ ಪ್ರತಿಬಿಂಬವನ್ನು ಹೆಚ್ಚು ಕಡಿಮೆ ವರ್ಧಿಸಿ ತೋರಿಸುತ್ತವೆ. ಬೆಳಕಿಗೆ ಲೆಕ್ಕಕ್ಕೆ ಬರುವುದು ಈ ಪ್ರತಿಬಿಂಬವೇ. ನಮ್ಮ ಮಟ್ಟಿಗೆ, ಚಿತ್ರ ತೆಗೆಯುವುದಕ್ಕಿಂತಲೂ ಇದೇ ಹೆಚ್ಚಿನ ಸೊಗಸು. ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಗೆರೆ ಎಳೆದು ಇದನ್ನು ವಿವರಿಸುವುದು ಬಲು ಪ್ರಯಾಸದ ಕೆಲಸ.

ಇನ್ನು ಕೈನಡುಕದ ಮಾತು. 200 ಮಿಲಿಮೀಟರಿನಲ್ಲಿ ನೋಟದ ಕೋನ ಕರ್ಣದುದ್ದಕ್ಕೆ ಕೇವಲ 12 ಡಿಗ್ರಿ. ಕೈ ಕೊಂಚ ಅಲುಗಿದರೂ ದೃಶ್ಯವೆಲ್ಲ ತೂಗಾಡುತ್ತದೆ. ಗುಂಡಿಯನ್ನು ಅರ್ಧ ಒತ್ತಿದೊಡನೆ ಒಳಗಿನಿಂದ ಸಣ್ಣ ಸದ್ದೊಂದು ಕೇಳಿಸಿ, ದೃಶ್ಯವು ತಟ್ಟನೆ ನೆಲೆನಿಲ್ಲುತ್ತದೆ. ನಡುಕವನ್ನು ಅಳೆಯುವ ಸಂವೇದಕಗಳ ಸೂಚನೆಯಂತೆ ಬಿಲ್ಲೆಗಳ ಒಂದು ಗುಂಪು ಅಡ್ಡಕ್ಕೆ ಸರಿದು ಪ್ರತಿಬಿಂಬವನ್ನು ಸ್ವಸ್ಥಾನಕ್ಕೆ ತರುವುದೇ ಇದರ ಗುಟ್ಟು.

ಹಾಗಾದರೆ ವಿದ್ಯಾರ್ಥಿಗೆ ಇಂಥದೇ ಬೇಕೆ? ಅದೇ ಸಂಸ್ಥೆಯು 2006ರಲ್ಲಿ ಹೊರತಂದ, ಅದೇ ನಾಭಿದೂರಗಳ ಎಫ್ 4 ಮಸೂರ 760 ಗ್ರಾಂ ಮಾತ್ರ ತೂಗುತ್ತದೆ, ಬೆಲೆಯೂ ಕಡಿಮೆ. 2.8ನ್ನು 4ರಿಂದ ಭಾಗಿಸಿ ವರ್ಗ ಮಾಡಿದರೆ 0.49. ಅಂದರೆ ಬೆಳಕೂ ಅರ್ಧ, ಭಾರವೂ ಹೆಚ್ಚುಕಡಿಮೆ ಅರ್ಧ. ಹಗಲಿನಲ್ಲಿ ಬೆಟ್ಟಗುಡ್ಡಗಳನ್ನೂ ಆಟದ ಬಯಲನ್ನೂ ಚಿತ್ರಿಸುವವರು ಹಗುರವಾದುದನ್ನೇ ಆರಿಸಿಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ. ಕಾಲೇಜಿನ ವಾರ್ಷಿಕೋತ್ಸವದ ರಾತ್ರಿ, ಮಂದ ದೀಪದ ರಂಗದ ಮೇಲೆ ಕುಣಿಯುವವರನ್ನು ಸೆರೆಹಿಡಿಯಬೇಕಾದಾಗ ಮಾತ್ರ ಸಂಗತಿಯೇ ಬೇರೆ. ಎಫ್ 2.8ರಲ್ಲಿ ಸೆಕೆಂಡಿನ ಇನ್ನೂರನೆಯ ಒಂದು ಭಾಗದಲ್ಲಿ ಮುಗಿಯುವ ಕೆಲಸಕ್ಕೆ ಎಫ್ 4ರಲ್ಲಿ ನೂರನೆಯ ಒಂದು ಭಾಗ ಬೇಕು. ಒಳಗಿನ ಯಂತ್ರವು ನಮ್ಮ ಕೈಯನ್ನು ಸ್ಥಿರಗೊಳಿಸೀತೇ ಹೊರತು ಕುಣಿಯುವವರ ಕಾಲನ್ನಲ್ಲ.